ಎರಡನೇ ಸಲ ಕೇಳಿದ ಡಾಕ್ಟರಮ್ಮ

ಅಮ್ಮ,

ನೀನು ಓದುವುದಿಲ್ಲ ಅಂತ ಗೊತ್ತಿದ್ದೂ, ಮಾರಿಕುಪ್ಪಂ ರೈಲಿನಲ್ಲಿ ಮನೆಗೆ ವಾಪಸಾಗುತ್ತಾ ಬರೆಯುತ್ತಿದ್ದೇನೆ. ಎಡಗೈಗೆ ಕಟ್ಟು ಹಾಕಿದ್ದಾರೆ. ಬೆಳಿಗ್ಗೆ ಸರ್ಕಾರಿ ಹಾಸ್ಟೆಲ್ ಅಡುಗೆಮನೆಯಲ್ಲಿ ಸಾರಿನ ಡಬರಿ ಇಳಿಸುವಾಗ ಮಸಿಬಟ್ಟೆ ಜಾರಿ, ಸಾರು ಕೈಮೇಲೆ, ಸೀರೆಮೇಲೆಲ್ಲ ಚೆಲ್ಲಿತು.

ಬಂಗಾರಪೇಟೆ ಆಸ್ಪತ್ರೆಯಲ್ಲಿ ಹೊಸ ಡಾಕ್ಟರಮ್ಮ ಭಾರ್ಗವಿ, ಎಲ್ಲಿ ಸುಟ್ಟುಕೊಂಡಿರಿ ಅಂದರು. ನನ್ನ ಬಾಯಿಗೆ ನಿನ್ನ ಮಾತೇ ಬಂತು: "ಮನೇಲಿ ಮೇಡಂ." ಕೆಲಸ ಕೊಟ್ಟ ಜಾಗದ ಮೇಲೆ ದೂರು ಹೇಗೆ ಹೇಳುವುದು? "ಉಂಡ ಮನೆಗೆ ಎರಡು ಬಗೀಬಾರ್ದು ಕಣೇ" ಅಂತಿದ್ದೆಯಲ್ಲ ನೀನು.

ಆಕೆ ಪೆನ್ನು ಕೆಳಗಿಟ್ಟು, ತೊಯ್ದುಹೋದ ನನ್ನ ಸೀರೆ ನೋಡಿದರು.

"ಮನೇಲಿ ಇಷ್ಟೊಂದು ಸಾರು ಮಾಡ್ತೀರಾ ಅಮ್ಮ? ಕೆಲಸದಲ್ಲಿ ಆಯ್ತು ಅಂತ ಬರೆದ್ರೆ ತಾನೇ ಸರ್ಕಾರ ಪರಿಹಾರ ಕೊಡೋದು. ಇನ್ನೊಂದ್ಸಲ ಕೇಳ್ತೀನಿ, ಎಲ್ಲಾಯ್ತು?"

"ಕೆಲಸದಾಗೇ ಮೇಡಂ" ಅಂದೆ.

ಎಂಥಾ ಹುಡುಗಿ ಅಂತೀಯ! ನನ್ನ ಮಗಳ ವಯಸ್ಸು, ಕೈಮುಗಿಯಬೇಕು ಅನ್ನಿಸಿತು.

ಅದೇ ಅಡುಗೆಮನೆಯಲ್ಲಿ ಕಾಲು ಸುಟ್ಟುಕೊಂಡ ದಿನ ಆಸ್ಪತ್ರೆಯ ಡಾಕ್ಟರಿಗೆ ನೀನೂ "ಮನೇಲಿ ಸಾಮಿ" ಅಂದಿದ್ದೆ. ಹಾಗೇ ಬರೆದುಕೊಂಡರು. ಆಮೇಲೆ ರಿಟೈರ್ ಆಗುವವರೆಗೂ ಕುಂಟುತ್ತಲೇ ಹಾಸ್ಟೆಲ್ ಮಕ್ಕಳಿಗೆಲ್ಲ ಮುದ್ದೆ ಕಟ್ಟಿದೆ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಆವತ್ತು ನಿನ್ನನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ಪಕ್ಕದಲ್ಲೇ, ನಿನ್ನ ಚಪ್ಪಲಿ ಹಿಡಿದುಕೊಂಡು, ನಾನು ಕೂತಿದ್ದೆ.