ಅವ್ವನ ಮೂರು ಸುತ್ತು

ಗೋಕಾಕ, ಸೋಮವಾರ

ನೇಮಣ್ಣ ಕಾಕಾ ಅವರಿಗೆ ಜೈ ಜಿನೇಂದ್ರ.

ನೀವು ಹಾಕಿಸುವ ಕ್ಯಾಲೆಂಡರಿಗೆ ನಾನು ತೆಗೆದ ಬಸದಿಯ ಫೋಟೋ ನೋಡಿ, "ಮೂರು ಕಡೆ ಹೊಗಿ ಎದ್ದಂಗ ಕಾಣತೈತಿ, ಅಳಿಸಿಬಿಡೋ" ಎಂದಿರಿ. ಅದು ನಮ್ಮ ಅವ್ವ.

ಗರ್ಭಗುಡಿಯ ಕತ್ತಲೂ ಅಂಗಳದ ಬಿಸಿಲೂ ಒಟ್ಟಿಗೆ ಕಾಣಲೆಂದು ಕಡಿಮೆ, ಹದ, ಹೆಚ್ಚು ಬೆಳಕಿನ ಮೂರು ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಒಂದಾಗಿಸಿದೆ. ಅವ್ವ ಆಗ ಪ್ರದಕ್ಷಿಣೆ ಹಾಕುತ್ತಿದ್ದಳು; ಒಂದೊಂದು ಫೋಟೋದಲ್ಲಿ ಒಂದೊಂದು ಕಡೆ ಸಿಕ್ಕು, ಒಂದಾಗಿಸಿದಾಗ ಮೂರು ಕಡೆ ಮಸುಕಾಗಿ ಉಳಿದಳು. ಮೊಣಕಾಲಿನ ಆಪರೇಷನ್ ಆದ ಮೇಲೆ ಕೋಲಿಲ್ಲದೆ ನಡೆದದ್ದು ಅಂದೇ ಮೊದಲು.

"ಸ್ವಲ್ಪ ನಿಂದರಬೇ" ಎಂದೆ.

"ನಿನ್ನ ಫೋಟೋಕ್ಕ ದೇವರ ಸುತ್ತು ಬಿಡಲೇನೋ?" ಎಂದು ನಡೆದೇಬಿಟ್ಟಳು.

ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಅಳಿಸಿದ ಪ್ರತಿಯನ್ನೂ ಕಳಿಸಿದ್ದೇನೆ. ಅದನ್ನು ಅಚ್ಚು ಹಾಕಿಸುವುದಾದರೆ ನನ್ನ ಹೆಸರು ಬೇಡ. ಅವ್ವ ಇರುವುದನ್ನು ಹಾಕಿಸಿದರೆ, ಅಡಿಯಲ್ಲಿ ‘ಜಿನ್ನವ್ವನ ಮಗ ತೆಗೆದದ್ದು’ ಎಂದಷ್ಟೇ ಬರೆಯಿಸಿ.

ನಿಮ್ಮ
ಭರತೇಶ