ಲೈಟ್ ಬಿಸ್ಕತ್ತಿಗೆ ನೀವೊತ್ತಿದ ಮುದ್ರೆ

ಆಹಾರದ ಪೊಟ್ಟಣಗಳಿಗೆ ಮುದ್ರೆ ಒತ್ತುವ ಮಾನ್ಯರೇ,

ನಿಮ್ಮನ್ನು ನಂಬಿ ನನ್ನ ಅಕ್ಕ ಕಣ್ಣು ಕಳೆದುಕೊಳ್ಳುತ್ತಿದ್ದಾಳೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಅಕ್ಕ ಬಟ್ಟೆ ಹೊಲಿಯುವವಳು, ಸಕ್ಕರೆ ಕಾಯಿಲೆಯವಳು. ಬೆಣ್ಣೆ ಬಿಸ್ಕತ್ತೆಂದರೆ ಪ್ರಾಣ. ಆದರೂ ಚಹಾದ ಜೊತೆ ಒಂದೇ ಒಂದು ತಿಂದು ಡಬ್ಬಿಯನ್ನು ಅಟ್ಟಕ್ಕೇರಿಸುತ್ತಿದ್ದಳು. ಬೆಣ್ಣೆ ಎಂಬ ಹೆಸರೇ ಅವಳನ್ನು ಕಾಯುತ್ತಿತ್ತು. ಆಮೇಲೆ ಅದೇ ಕಂಪನಿ ಒಂದಿಷ್ಟು ಬೆಣ್ಣೆ ತೆಗೆದು, ಆ ಜಾಗಕ್ಕೆ ಸಕ್ಕರೆ ಸುರಿದು, ‘ಲೈಟ್’ ಎಂದು ನಾಮಕರಣ ಮಾಡಿತು. ತಾವು ಹಸಿರು ಮುದ್ರೆ ಒತ್ತಿ ಹರಸಿದಿರಿ. ಡಬ್ಬಿ ಅಟ್ಟದಿಂದಿಳಿದು ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು. ಗುಂಡಿ ಹಾಕುತ್ತಾ ಒಂದು, ಕಾಜ ಹೊಲಿಯುತ್ತಾ ಇನ್ನೊಂದು. ಸಂಜೆಗೆ ಡಬ್ಬಿ ಖಾಲಿ.

ಅಕ್ಕ ದಡ್ಡಿಯಲ್ಲ, ಮಾನ್ಯರೇ. ಚೀಟಿಯ ಮಹಿಮೆ ಅವಳಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮೈ ತುಂಬಿಕೊಂಡ ಗಿರಾಕಿಗಳ ಅಂಗಿಯನ್ನು ಸದ್ದಿಲ್ಲದೆ ಅಗಲ ಮಾಡಿ, ಕಾಲರಿಗೆ ಹಳೆಯ ಅಳತೆಯ ಚೀಟಿಯನ್ನೇ ಹೊಲಿಯುತ್ತಾಳೆ. ಅವರು ಕನ್ನಡಿಯ ಮುಂದೆ ಹಿಗ್ಗಿ ಹೀರೇಕಾಯಿ ಆಗುತ್ತಾರೆ. ಬಿಸ್ಕತ್ತಿನ ಚೀಟಿಯೂ ಹಾಗೇ ಇದ್ದರೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ನಕ್ಕುಬಿಟ್ಟಳು.

“ಅಂಗಿ ಚೀಟಿ ನಾನು ಹೊಲಿಯೋದು ಕಣೋ. ಇದಕ್ಕೆ ಆಫೀಸಿನವರು ಮುದ್ರೆ ಹಾಕಿದ್ದಾರೆ. ಅವರು ಯಾಕೆ ಸುಳ್ಳು ಹೇಳ್ತಾರೆ?”

ಈ ಪ್ರಶ್ನೆಯನ್ನು ನಿಮಗೇ ಕೇಳೋಣವೆಂದು ಕಚೇರಿಗೆ ಬಂದೆ. ಅಷ್ಟರಲ್ಲಿ ವೈದ್ಯರು ಅವಳ ಎಡಗಣ್ಣಿನ ಆಸೆ ಬಿಡಿ ಎಂದಿದ್ದರು. ನಿಮ್ಮ ಅಧಿಕಾರಿ ನಗುಮೊಗದಿಂದಲೇ ವಿವರಿಸಿದರು. ಮುದ್ರೆ ಇರುವುದು ಪೊಟ್ಟಣದ ಶುಚಿತ್ವಕ್ಕಂತೆ, ಒಳಗಿನ ಸಕ್ಕರೆಗೂ ಅದಕ್ಕೂ ಸಂಬಂಧವಿಲ್ಲವಂತೆ. ‘ಲೈಟ್’ ಎಂಬುದು ಬರೀ ಹೆಸರಂತೆ. ಒಂದು ಸಲಕ್ಕೆ ಒಂದೂವರೆ ಬಿಸ್ಕತ್ತು ಎಂದು ಹಿಂಬದಿಯಲ್ಲಿ ಬರೆದೇ ಇದೆಯಂತೆ. ಬರೆದಿದೆ, ನಿಜ. ಆ ಅಕ್ಷರದ ಮುಂದೆ ಸಾಸಿವೆ ಕಾಳೂ ಕುಂಬಳಕಾಯಿ. ಅಲ್ಲ ಸ್ವಾಮಿ, ಮಿಕ್ಕ ಅರ್ಧ ಬಿಸ್ಕತ್ತನ್ನು ಯಾರಾದರೂ ಡಬ್ಬಿಗೆ ವಾಪಸ್ ಹಾಕುತ್ತಾರೆಯೇ? ತಮ್ಮ ಮನೆಯಲ್ಲಿ ಹಾಕುತ್ತೀರಾ?

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಕಂಪನಿ ಸುಳ್ಳು ಹೇಳೀತೆಂಬ ಅನುಮಾನ ನಮಗೆ ಇದ್ದೇ ಇತ್ತು. ನೀವೂ ಅದಕ್ಕೆ ತಾಳ ಹಾಕುತ್ತೀರೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನನಗೆ ನೋವಾಗಿರುವುದು ಅಲ್ಲೇ.

ಪರಿಹಾರ ಬೇಡ, ಅನುಕಂಪವೂ ಬೇಡ. ‘ಲೈಟ್’ ಎಂಬ ಪದ ಎಷ್ಟು ದಪ್ಪವಿದೆಯೋ ಅಷ್ಟೇ ದಪ್ಪ ಅಕ್ಷರದಲ್ಲಿ, ಅದರ ಪಕ್ಕದಲ್ಲೇ, ಸಕ್ಕರೆ ಎಷ್ಟಿದೆಯೆಂದು ಬರೆಸಿ. ಆಗದಿದ್ದರೆ ನಿಮ್ಮ ಮುದ್ರೆಯನ್ನು ಕಿತ್ತುಹಾಕಿ. ಏನು ಮಾಡುವುದಾದರೂ ಬೇಗ ಮಾಡಿ. ಅಕ್ಕನ ಬಲಗಣ್ಣಿಗೆ ದೊಡ್ಡ ಅಕ್ಷರ ಇನ್ನೂ ಕಾಣುತ್ತದೆ.

ಇಂತಿ,
ಈಗ ಅಕ್ಕನ ಸೂಜಿಗೆ ದಾರ ಪೋಣಿಸಿಕೊಡುವ ತಮ್ಮ