ಹುಳುವಿನ ಮೊಟ್ಟೆಗೆ ಅರ್ಧ ಡಿಗ್ರಿ ಜ್ವರ

ಭಾನುವಾರ, ಬೆಳಗಿನ ಹತ್ತು ಗಂಟೆ

ನನ್ನ ಅಮ್ಮನಿಗೆ,

ದನಿ ಯಾಕೆ ಸಣ್ಣಗಾಗಿದೆ ಅಂತ ನೀನು ಫೋನಿನಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ನಾನು ನೆಗಡಿ ಅಂದೆ. ಮೂವತ್ತು ವರ್ಷ ನರ್ಸ್ ಆಗಿದ್ದ ನಿನಗೆ ನೆಗಡಿಯ ಸುಳ್ಳು ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತೋ. ಹೇಳಬೇಕಾದ್ದು ಎರಡಿವೆ. ಮೊದಲು ಕಡಿಮೆ ಕಷ್ಟದ್ದು.

ನನ್ನ ಮಗಳು ಹುಳಕ್ಕೆ ಜ್ವರ ನೋಡ್ತಾಳೆ ಅಂತ ನೀನು ಪಕ್ಕದ ಮನೆಯವರಿಗೆ ಹೇಳುತ್ತೀಯಲ್ಲ, ಅದೇನೂ ತಪ್ಪಲ್ಲ. ನೀನು ಹಣೆ ಮುಟ್ಟಿಯೇ ನೂರಾ ಒಂದು ಅನ್ನುತ್ತಿದ್ದೆ. ಲ್ಯಾಬಿನಲ್ಲಿ ನಾನು ನೋಡುವುದು ಕೂದಲೆಳೆಯ ದಪ್ಪವೂ ಇಲ್ಲದ ಹುಳುವಿನ ಮೊಟ್ಟೆ. ಹಣೆಯೂ ಇಲ್ಲ, ಥರ್ಮಾಮೀಟರ್ ಇಡಲು ಬಾಯೂ ಇಲ್ಲ. ಅದಕ್ಕೇ ಒಳಗೆ ಹೊಳೆಯುವ ಕಣಗಳನ್ನು ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಬಿಸಿ ಏರಿದರೆ ಹೊಳಪು ಚೂರು ಮಂಕಾಗುತ್ತದೆ.

ಮೂರು ತಿಂಗಳಿಂದ ನನ್ನ ಮೊಟ್ಟೆಗಳು ದಿನಾ ಬೆಳಿಗ್ಗೆ ಅರ್ಧ ಡಿಗ್ರಿ ಬಿಸಿಯಾಗುತ್ತಿದ್ದವು. ಬೆಳೆಯುವಾಗ ಮೊಟ್ಟೆ ತಾನೇ ಬಿಸಿಯಾಗುತ್ತದೆ ಎಂದು ನಾವೆಲ್ಲ ಹಿಗ್ಗಿದೆವು. ನಮ್ಮ ಲ್ಯಾಬ್ ನಡೆಸುವ ಮೇಡಂ ಅದನ್ನು ದೊಡ್ಡ ಸಭೆಯೊಂದರಲ್ಲಿ ಹೇಳುವವರಿದ್ದರು. ಕಳೆದ ವಾರ ಎರಡು ದಿನ ರಜೆ ಹಾಕಿದೆ. ನನ್ನ ಬದಲು ಜೊತೆಗಾರ ಅಳೆದರೆ ಮೊಟ್ಟೆ ತಣ್ಣಗೆ ಕೂತಿತ್ತಂತೆ. ಮೊಟ್ಟೆಯೇ ಇಲ್ಲದ ಗಾಜಿನ ಮೇಲೆ ಬರೀ ಕಣಗಳನ್ನಿಟ್ಟು ಎಂದಿನಂತೆ ಕೂತೆ. ಅರ್ಧ ಡಿಗ್ರಿ ಏರಿತು.

ನನ್ನ ಉಸಿರು, ಅಮ್ಮ. ಸೂಕ್ಷ್ಮದರ್ಶಕದ ಸುತ್ತ ಒಂದು ಪೆಟ್ಟಿಗೆಯಿದೆ. ಅದರ ಪುಟ್ಟ ಬಾಗಿಲು ತೆಗೆದು, ಮುಖ ಹತ್ತಿರ ತಂದು, ದಿನಾ ಮೊಟ್ಟೆಯ ಜೊತೆ ಮಾತಾಡುತ್ತಿದ್ದೆ.

ಮೇಡಂಗೆ ಹೇಳಿದೆ. ಅವರು, ಸಭೆಗೆ ಬರಲ್ಲ ಅಂತ ಬರೀತೀನಿ, ನೀನು ಎಲ್ಲಾ ಮೊದಲಿಂದ ಶುರು ಮಾಡು ಅಂದರು. ಆಮೇಲೆ, ಅದರ ಹತ್ರ ಅಷ್ಟೊಂದು ಏನಮ್ಮ ಮಾತು ಅಂತ ಕೇಳಿದರು. ಹಾಡು ಹೇಳ್ತಿದ್ದೆ ಅಂದೆ. ಅದೂ ಸುಳ್ಳು.

ನಿಜ ನಿನಗೆ ಹೇಳುತ್ತೇನೆ. ನನಗೀಗ ನಾಲ್ಕು ತಿಂಗಳು. ಆ ರಜೆ ಆಸ್ಪತ್ರೆಗೆ ಹೋಗಲು. ಅಮ್ಮಂಗೆ ಹೇಳು, ಅಮ್ಮಂಗೆ ಹೇಳು ಅಂತ ನಿನ್ನ ಅಳಿಯ ನನ್ನ ತಲೆ ತಿನ್ನುತ್ತಿದ್ದಾರೆ. ಬಾಯಿಬಿಟ್ಟು ಹೇಳಿದರೆ ಮಗು ಉಳಿಯುವುದಿಲ್ಲವೇನೋ ಎಂಬ ಹುಚ್ಚು ಭಯ ನನಗೆ. ಒಳಗೆ ಇಟ್ಟುಕೊಳ್ಳಲೂ ಆಗದೆ, ಕಿವಿಯಿಲ್ಲದ ಆ ಮೊಟ್ಟೆಗೆ ಹೇಳಿಕೊಂಡೆ. ಇವತ್ತು ವಾಂತಿಯಾಯಿತು, ಇವತ್ತು ಹಸಿವಾಯಿತು, ನೀನೂ ಉಳಿ, ಇದೂ ಉಳಿಯಲಿ ಎಂದು.

ಡಾಕ್ಟರು ಎಲ್ಲ ಚೆನ್ನಾಗಿದೆ ಅಂದಿದ್ದಾರೆ. ಆದರೂ ನನಗೆ ಒಬ್ಬಳೇ ಹೆದರಿ ಹೆದರಿ ಸಾಕಾಗಿದೆ. ಮುಂದಿನ ಮಂಗಳವಾರ ಮತ್ತೆ ತೋರಿಸಬೇಕು. ನೀನು ಬಾ.

ಇಷ್ಟು ದಿನ ಸುಳ್ಳು ಹೇಳಿದ,
ನಿನ್ನ ಪುಟ್ಟಿ

ಬರೆಯದೆ ಬಿಡಬೇಕೆಂದಿದ್ದದ್ದು: ಹೋದ ವರ್ಷ ನಿನ್ನ ಹುಟ್ಟುಹಬ್ಬಕ್ಕೆ ಬರಲಿಲ್ಲವೆಂದು ಎರಡು ತಿಂಗಳು ಮುನಿಸಿಕೊಂಡಿದ್ದೆಯಲ್ಲ, ಅವತ್ತು ಕೆಲಸ ಇದೆ ಅಂದಿದ್ದು ಸುಳ್ಳು ಅಮ್ಮ. ಆಸ್ಪತ್ರೆಯಲ್ಲಿದ್ದೆ. ಆ ಮಗು ಉಳಿಯಲಿಲ್ಲ. ಜ್ವರ ಇತ್ತು, ನರ್ಸ್ ಥರ್ಮಾಮೀಟರ್ ಇಟ್ಟು ಬರೆದುಕೊಂಡು ಹೋದಳು. ಹಣೆ ಯಾರೂ ಮುಟ್ಟಲಿಲ್ಲ. ಬರುವಾಗ ಏನೂ ಹೊತ್ತು ತರಬೇಡ. ನಿನ್ನ ಕೈ ಸಾಕು.